ಮಡಿಕೇರಿಯಲ್ಲಿ ಕಲೆ, ಕುಣಿತ, ಮ್ಯೂಸಿಯಂ: ಜಾಗ ಆಮೇಲೆ ಆರಿಸಿ, ಮೊದ್ಲು ತಾರೀಕು ನೋಡಿ

ಅಬ್ಬಿ ಫಾಲ್ಸ್ ನೋಡಿ ಆಯ್ತು, ಮಾಂದಲ್‌ಪಟ್ಟಿ ಜೀಪ್ ಹತ್ತಿ ಆಯ್ತು, ಕಾಫಿ ತೋಟದಲ್ಲಿ ಫೋಟೋ ತೆಗೆದೂ ಆಯ್ತು, ಈಗ ಹಾಡು ಕುಣಿತ ಮ್ಯೂಸಿಯಂ ಅಂತ ಏನಾದ್ರೂ ನೋಡೋಣ ಅಂದ್ರೆ ಮಡಿಕೇರಿಯಲ್ಲಿ ಎಲ್ಲಿಗೆ ಹೋಗೋದು ಅಂತ ತುಂಬ ಜನ ಕೇಳ್ತಾರೆ. ಕೇಳೋರಲ್ಲಿ ಹೊರಗಿನವ್ರು ಮಾತ್ರ ಅಲ್ಲ, ಮನೆಗೆ ನೆಂಟರು ಬಂದಿದ್ದಾರೆ ಎಲ್ಲಿ ಕರ್ಕೊಂಡು ಹೋಗ್ಲಿ ಅಂತ ಸೋಮವಾರಪೇಟೆ, ಸುಂಟಿಕೊಪ್ಪದವ್ರೂ ಕೇಳ್ತಾರೆ. ಕೋಟೆನಾ, ರಾಜಾಸೀಟಾ, ತಿಮ್ಮಯ್ಯ ಮ್ಯೂಸಿಯಮ್ಮಾ, ಬೈಲಕುಪ್ಪೆನಾ, ಇಲ್ಲಾ ದಸರಾಕ್ಕೇ ಬರೋದಾ?

ಒಂದು ವಿಷಯ ಮೊದ್ಲೇ ಗೊತ್ತಿದ್ರೆ ಒಳ್ಳೇದು. ಬೆಂಗಳೂರಲ್ಲಿ ರಂಗಶಂಕರ ಉಂಟು, ಮೈಸೂರಲ್ಲಿ ರಂಗಾಯಣ ಉಂಟು, ವಾರಾಂತ್ಯ ಆದ್ರೆ ಒಂದು ನಾಟಕ ಸಿಕ್ಕೇ ಸಿಗುತ್ತೆ. ಮಡಿಕೇರಿಯಲ್ಲಿ ಹಂಗೆ ವಾರ ವಾರ ಪರದೆ ಏಳೋ ಜಾಗ ಇಲ್ಲ. ಕಾವೇರಿ ಕಲಾಕ್ಷೇತ್ರ ಇದೆ, ಕೊಡವ ಸಾಹಿತ್ಯ ಅಕಾಡೆಮಿ ಇದೆ, ಅರೆಭಾಷೆ ಅಕಾಡೆಮಿ ಇದೆ, ಕಾರ್ಯಕ್ರಮಗಳು ನಡೀತಾನೂ ಇರುತ್ತವೆ, ಆದ್ರೆ ನೀವು ಬಂದ ದಿನವೇ ನಡೀಬೇಕು ಅಂತೇನಿಲ್ಲ. ನಮ್ಮ ಕಡೆ ಕಲೆ ಅನ್ನೋದು ಹಾಲ್ ಒಳಗಿಂತ ಹೆಚ್ಚಾಗಿ ಮಂದ್‌ನಲ್ಲಿ (ಅಂದ್ರೆ ಊರವ್ರು ಸೇರಿ ಕುಣಿಯೋ ಬಯಲು), ದೇವಸ್ಥಾನದ ಅಂಗಳದಲ್ಲಿ, ಬೀದಿಯಲ್ಲಿ, ಅದರದ್ದೇ ದಿನ ಬಂದಾಗ ನಡಿಯುತ್ತೆ. ಅದಕ್ಕೇ ಯಾವ ಜಾಗ ಅಂತ ತಲೆ ಕೆಡಿಸ್ಕೊಳ್ಳೋಕೆ ಮುಂಚೆ ಯಾವ ದಿನ ಬರ್ತಿದ್ದೀರಾ ಅನ್ನೋದನ್ನ ನೋಡಿ, ಅರ್ಧ ತೀರ್ಮಾನ ಅಲ್ಲೇ ಆಗಿ ಹೋಗುತ್ತೆ.

ಯಾವುದನ್ನ ನೋಡಿ ತೀರ್ಮಾನ ಮಾಡೋದು

ತಾರೀಕು ಆಯ್ತು. ಆಮೇಲೆ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಬರೀ ಮಳೆ ಅಂತ ಇಟ್ಕೊಳ್ಳಿ, ಬಯಲಲ್ಲಿ ನೋಡೋದು ಯಾವುದೂ ಗ್ಯಾರಂಟಿ ಇಲ್ಲ, ಸೂರು ಇರೋ ಜಾಗವೇ ಬೇಕು. ಮೂರನೇದು ಜೊತೆಗೆ ಯಾರು ಬರ್ತಾರೆ ಅನ್ನೋದು. ಮಡಿಕೇರಿ ಪೇಟೆ ಪೂರ್ತಿ ಏರು ಇಳಿಜಾರು, ಮಂಡಿನೋವು ಇರೋ ಅಜ್ಜಿ ತಾತನ್ನ ಕರ್ಕೊಂಡು ನಡೆಯೋ ಲೆಕ್ಕವೇ ಬೇರೆ. ನಾಲ್ಕನೇದು ದುಡ್ಡು, ಇದರಲ್ಲಿ ಟಿಕೆಟ್ ಬಗ್ಗೆ ಚಿಂತೆ ಬೇಡ, ಕೆಳಗೆ ಹೇಳೋ ಜಾಗಗಳಲ್ಲಿ ಹೆಚ್ಚಿನವು ಉಚಿತ ಇಲ್ಲಾ ಸಣ್ಣ ಪ್ರವೇಶ ಶುಲ್ಕ ಅಷ್ಟೇ, ದುಡ್ಡು ಹೋಗೋದು ರೂಮಿಗೆ ಮತ್ತು ಗಾಡಿಗೆ. ಕೊನೇದು, ನನಗೆ ತುಂಬ ಮುಖ್ಯ ಅನ್ಸೋದು: ನಿಮಗೆ ಬೇಕಾಗಿರೋದು ಆರಾಮಾಗಿ ಕೂತು ನೋಡೋ ಪ್ರದರ್ಶನನಾ, ಇಲ್ಲಾ ಜನ ತಮಗೋಸ್ಕರ ಮಾಡೋ ಆಚರಣೆನ ಪಕ್ಕದಲ್ಲಿ ನಿಂತು ನೋಡೋದಾ? ಮೊದಲನೇದ್ರಲ್ಲಿ ಕುರ್ಚಿ, ಟೈಮು, ಪಾರ್ಕಿಂಗ್ ಎಲ್ಲ ಸಿಗುತ್ತೆ. ಎರಡನೇದ್ರಲ್ಲಿ ಇದು ಯಾವುದೂ ಸಿಗಲ್ಲ, ಆದ್ರೆ ಅದು ಬೇರೆಲ್ಲೂ ಸಿಗಲ್ಲ.

ವರ್ಷ ಪೂರ್ತಿ ಇರೋದು

ರಾಜಾಸೀಟ್ ಎಲ್ರಿಗೂ ಗೊತ್ತು. ಸಂಜೆ ಸೂರ್ಯ ಮುಳುಗಿ ಕತ್ತಲಾದ್ಮೇಲೆ ಅಲ್ಲಿ ಸಂಗೀತ ಕಾರಂಜಿ, ಹಾಡಿಗೆ ತಕ್ಕಂಗೆ ನೀರು ಬಣ್ಣದ ಲೈಟಲ್ಲಿ ಕುಣಿಯುತ್ತೆ. ಚಿಕ್ಕ ಮಕ್ಕಳಿದ್ರೆ ಇದು ಸುಲಭದ ಆಯ್ಕೆ, ಪೇಟೆಯಿಂದ ನಡ್ಕೊಂಡೇ ಹೋಗ್ಬೋದು, ಖರ್ಚು ಇಲ್ಲವೇ ಇಲ್ಲ ಅನ್ನೋಷ್ಟು, ವಯಸ್ಸಾದವ್ರಿಗೆ ಬೆಂಚ್ ಇರುತ್ತೆ. ಆದ್ರೆ ಶನಿವಾರ ಭಾನುವಾರ ಸಂಜೆ ಜನವೋ ಜನ, ಮಳೆಗಾಲದಲ್ಲಿ ಮಂಜು ಮುಚ್ಚಿದ್ರೆ ಕಣಿವೆನೂ ಕಾಣಲ್ಲ ಸೂರ್ಯಾಸ್ತನೂ ಕಾಣಲ್ಲ. ಕೊಡಗಿನದ್ದೇ ಆದ ಏನಾದ್ರೂ ನೋಡ್ಬೇಕು ಅಂತ ಬಂದವ್ರಿಗೆ ಕಾರಂಜಿ ಸಾಕಾಗಲ್ಲ, ಅಂಥದ್ದು ಎಲ್ಲಾ ಊರಲ್ಲೂ ಉಂಟು. ಜನವರಿ ಫೆಬ್ರವರಿ ಸುಮಾರಿಗೆ ತೋಟಗಾರಿಕೆ ಇಲಾಖೆಯವ್ರು ಇಲ್ಲೇ ಫಲಪುಷ್ಪ ಪ್ರದರ್ಶನ ಮಾಡ್ತಾರೆ, ಆಗ ಬಂದ್ರೆ ಮಾತ್ರ ರಾಜಾಸೀಟ್‌ಗೆ ಅಂತಲೇ ಅರ್ಧ ದಿನ ಇಡ್ಬೋದು.

ಕೋಟೆ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ಬರೋರು ಹೆಚ್ಚಿನವ್ರು ಗೇಟ್ ಒಳಗೆ ಬಂದು, ಆ ಎರಡು ಗಾರೆ ಆನೆ ಮುಂದೆ ಫೋಟೋ ತೆಗೆದು ವಾಪಸ್ ಹೋಗ್ತಾರೆ, ಇದು ಅನ್ಯಾಯ. ಮುದ್ದುರಾಜ 17ನೇ ಶತಮಾನದ ಕೊನೆ ಸುಮಾರಿಗೆ ಮಣ್ಣಲ್ಲಿ ಕಟ್ಟಿಸಿದ್ದು, ಆಮೇಲೆ ಟಿಪ್ಪು ಕಲ್ಲಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟ, 1812ರಿಂದ 1814ರೊಳಗೆ ಲಿಂಗರಾಜೇಂದ್ರ ಅರಮನೆ ಹೊಸದು ಮಾಡಿಸಿದ, ಬ್ರಿಟಿಷರು ಬಂದು ಒಳಗೇ ಸೇಂಟ್ ಮಾರ್ಕ್ಸ್ ಚರ್ಚ್ ಕಟ್ಟಿದ್ರು. ಆ ಚರ್ಚ್ ಕಟ್ಟಡದಲ್ಲೇ ಈಗ ಸರ್ಕಾರಿ ಮ್ಯೂಸಿಯಂ ಇರೋದು. ಜೈನ ಶಿಲ್ಪಗಳು, ವೀರಗಲ್ಲು, ಹಳೇ ಆಯುಧಗಳು, ಬಣ್ಣದ ಗಾಜಿನ ಕಿಟಕಿ ಕೆಳಗೆ ನಿಂತು ಇದನ್ನೆಲ್ಲ ನೋಡ್ಬೇಕು. ಅಂದ್ರೆ ಒಂದೇ ಆವರಣದಲ್ಲಿ ನಾಲ್ಕು ಕಾಲ ಒಂದರ ಮೇಲೊಂದು ಕೂತಿದೆ, ಕಥೆ ಹೇಳಿಕೊಂಡು ಹೋದ್ರೆ ಹೈಸ್ಕೂಲ್ ಮಕ್ಕಳು ಚೆನ್ನಾಗಿ ಕೇಳ್ತಾರೆ, ಐದು ವರ್ಷದ ಮಗುಗೆ ಬೇಜಾರಾಗುತ್ತೆ. ಮಳೆ ಬಂದ್ರೂ ಮ್ಯೂಸಿಯಂ ಒಳಗೆ ಇರ್ಬೋದು. ಸೋಮವಾರ ಮತ್ತು ಸರ್ಕಾರಿ ರಜೆ ದಿನ ಇಟ್ಕೋಬೇಡಿ, ಇಂಥ ಮ್ಯೂಸಿಯಂಗಳು ಸಾಮಾನ್ಯವಾಗಿ ಅವತ್ತು ಬಾಗಿಲು ಹಾಕಿರುತ್ತವೆ.

ಸನ್ನಿಸೈಡ್, ಅಂದ್ರೆ ಜನರಲ್ ತಿಮ್ಮಯ್ಯ ಮ್ಯೂಸಿಯಂ, ಹೊಸದು. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ತಿಮ್ಮಯ್ಯನವ್ರ ಮನೆ ಇದು, ಬಹಳ ವರ್ಷ ಆರ್‌ಟಿಒ ಆಫೀಸ್ ಆಗಿತ್ತು, 2021ರ ಫೆಬ್ರವರಿಯಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಉದ್ಘಾಟನೆ ಮಾಡಿದ್ರು. 1948ರಲ್ಲಿ ಜೋಜಿಲಾ ಪಾಸ್‌ಗೆ ಟ್ಯಾಂಕ್ ಹತ್ತಿಸಿದ್ದು, ಕೊರಿಯಾದಲ್ಲಿ ಯುದ್ಧಕೈದಿಗಳನ್ನ ವಾಪಸ್ ಕಳಿಸೋ ಆಯೋಗ ನಡೆಸಿದ್ದು, 1957ರಿಂದ 61ರ ತನಕ ಸೇನಾ ಮುಖ್ಯಸ್ಥ ಆಗಿದ್ದು, 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆ ಪಡೆ ನಡೆಸ್ತಾ ಇದ್ದಾಗಲೇ ತೀರಿಕೊಂಡಿದ್ದು, ಇಷ್ಟೂ ಒಬ್ಬನೇ ಮನುಷ್ಯನ ಬದುಕು. ಹೊರಗೆ ಯುದ್ಧಟ್ಯಾಂಕ್ ನಿಲ್ಲಿಸಿರೋದ್ರಿಂದ ಮಕ್ಕಳಿಗೆ ಖುಷಿ, ಒಳಗೆ ಸೂರು ಇರೋದ್ರಿಂದ ಮಳೆಗೆ ಚಿಂತೆ ಇಲ್ಲ. ಕೋಟೆ ಮ್ಯೂಸಿಯಂ ಮತ್ತು ಸನ್ನಿಸೈಡ್ ಎರಡರಲ್ಲಿ ಒಂದೇ ಆಗೋದು ಅಂದ್ರೆ, ಚಿಕ್ಕ ಮಕ್ಕಳ ಜೊತೆ ಸನ್ನಿಸೈಡ್, ಶಿಲ್ಪ ಮತ್ತು ರಾಜರ ಕಾಲದ ಆಸಕ್ತಿ ಇದ್ರೆ ಕೋಟೆ. ಮನೆಯಲ್ಲಿ ಯಾರಾದ್ರೂ ಮಿಲಿಟರಿಯಲ್ಲಿ ಇದ್ದೋರಾದ್ರೆ ಕೇಳೋದೇ ಬೇಡ, ಸನ್ನಿಸೈಡ್‌ಗೇ ಮೊದ್ಲು ಹೋಗಿ, ಸಮಯ ಹೆಚ್ಚೇ ಇಟ್ಕೊಂಡು ಹೋಗಿ.

ಓಂಕಾರೇಶ್ವರ ದೇವಸ್ಥಾನ ಮತ್ತು ಗದ್ದಿಗೆ ಇವೆರಡನ್ನೂ ಜೋಡಿಯಾಗಿ ನೋಡಿದ್ರೆನೇ ಚೆಂದ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ದೇವಸ್ಥಾನಕ್ಕೆ ಗುಮ್ಮಟ ಇದೆ, ಮೂಲೆಗಳಲ್ಲಿ ಮಿನಾರದ ಥರ ಗೋಪುರಗಳಿವೆ, ಮುಂದೆ ಕೆರೆ, ಕೆರೆ ಮಧ್ಯೆ ಮಂಟಪ. ಗದ್ದಿಗೆಯಲ್ಲಿ ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರ ಸಮಾಧಿಗಳು, ಅಲ್ಲೂ ಗುಮ್ಮಟ, ಆದ್ರೆ ಮಾಡಿನ ಮೂಲೆಯಲ್ಲಿ ನಂದಿ ಕೂತಿದ್ದಾನೆ. ಇದನ್ನ ನಿಧಾನಕ್ಕೆ ನೋಡೋ ಕಣ್ಣಿದ್ದವ್ರಿಗೆ, ಚಿತ್ರ ಬರೆಯೋರಿಗೆ, ಕ್ಯಾಮೆರಾ ಹಿಡ್ಕೊಂಡೋರಿಗೆ ಮಡಿಕೇರಿಯಲ್ಲಿ ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ, ಗದ್ದಿಗೆಯಲ್ಲಿ ಜನಜಂಗುಳಿನೂ ಕಮ್ಮಿ. ಮನರಂಜನೆ ಬೇಕು ಅನ್ನೋ ಗ್ಯಾಂಗ್‌ಗೆ ಇದು ಹಿಡಿಸಲ್ಲ. ದೇವಸ್ಥಾನಕ್ಕೆ ಬೆಳಗ್ಗೆ ಹೋಗಿ, ಮಧ್ಯಾಹ್ನ ಬಾಗಿಲು ಹಾಕಿರ್ತಾರೆ.

ಪೇಟೆ ಹೊರಗೆ ಗಾಡಿ ಓಡ್ಸೋಕೆ ರೆಡಿ ಇದ್ರೆ

ಬೈಲಕುಪ್ಪೆ ಲೆಕ್ಕದಲ್ಲಿ ಮೈಸೂರು ಜಿಲ್ಲೆ, ಆದ್ರೆ ಕುಶಾಲನಗರ ದಾಟಿದ್ರೆ ಸಿಕ್ತು, ಮಡಿಕೇರಿಯಿಂದ ಸುಮಾರು 35 ಕಿಲೋಮೀಟರ್. ನಾಮ್‌ಡ್ರೋಲಿಂಗ್ ಮಠ 1963ರಲ್ಲಿ ಶುರುವಾದದ್ದು, ಎಲ್ರೂ ಗೋಲ್ಡನ್ ಟೆಂಪಲ್ ಅನ್ನೋ ದೊಡ್ಡ ಪ್ರಾರ್ಥನಾ ಮಂದಿರ 1999ರಲ್ಲಿ ಆಗಿದ್ದು. ಜನ ಆ ಚಿನ್ನದ ಬಣ್ಣದ ಮೂರು ಮೂರ್ತಿ ನೋಡಿ ಹೊರಡ್ತಾರೆ, ನೀವು ದಯವಿಟ್ಟು ಗೋಡೆ ಕಡೆ ತಿರುಗಿ, ನೆಲದಿಂದ ಮೇಲಿನ ತನಕ ಇರೋ ಚಿತ್ರಗಳನ್ನ ಒಂದೊಂದಾಗಿ ನೋಡಿ, ಬಣ್ಣದ ಕೆಲಸ ಅಂದ್ರೆ ಅದು. ಟಿಬೆಟನ್ ಹೊಸ ವರ್ಷ ಲೋಸಾರ್ ಬರೋದು ಫೆಬ್ರವರಿ ಮಾರ್ಚ್ ಸುಮಾರಿಗೆ, ಅದರ ಮುಂಚಿನ ದಿನಗಳಲ್ಲಿ ಲಾಮಾಗಳು ಮುಖವಾಡ ಹಾಕಿ ಛಾಮ್ ನೃತ್ಯ ಮಾಡ್ತಾರೆ, ಅದಕ್ಕೆ ಸರಿಯಾಗಿ ಬಂದ್ರೆ ಇಡೀ ದಿನ ಅಲ್ಲೇ ಕಳೀಬೋದು. ಬಸ್ಸಲ್ಲಿ ಬರೋರಿಗೂ ತೊಂದ್ರೆ ಇಲ್ಲ, ಮೈಸೂರು ರೋಡಲ್ಲೇ ಇಳಿದು ಆಟೋ ಹಿಡೀಬೋದು. ಜಾಗ ಸಮತಟ್ಟು, ಆದ್ರಿಂದ ಮಂಡಿನೋವು ಇರೋರಿಗೆ ಮಡಿಕೇರಿ ಪೇಟೆಗಿಂತ ಇದೇ ಸುಲಭ.

ಇನ್ನೊಂದು, ಕಕ್ಕಬ್ಬೆ ಹತ್ರ ನಾಲ್ಕುನಾಡು ಅರಮನೆ, 1792ರ ಸುಮಾರಿಗೆ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು. ಮರದ ಕೆತ್ತನೆ, ಗೋಡೆ ಮೇಲೆ ಹಳೇ ಚಿತ್ರ, ತಡಿಯಂಡಮೋಳ್ ಬೆಟ್ಟದ ಬುಡ. ಸ್ವಂತ ಗಾಡಿ ಇದ್ರೆ ಮಾತ್ರ ಹೋಗಿ, ಬಸ್ ಕಾಯ್ಕೊಂಡು ಹೋಗೋದಾದ್ರೆ ಒಂದು ದಿನ ಪೂರ್ತಿ ಹೋಗುತ್ತೆ.

ದಸರಾ, ಯಾವ ದಿನ ಬರೋದು

ಮಡಿಕೇರಿ ದಸರಾ ಅಂದ ತಕ್ಷಣ ಎಲ್ರೂ ವಿಜಯದಶಮಿ ರಾತ್ರಿ ಅಂತಾರೆ. ಆ ರಾತ್ರಿ ದಶಮಂಟಪ. ಪೇಟೆ ಶ್ರೀರಾಮ ಮಂದಿರ, ದೇಚೂರು ರಾಮ ಮಂದಿರ, ಕೋದಂಡರಾಮ, ಚೌಡೇಶ್ವರಿ, ಕೋಟೆ ಗಣಪತಿ, ಕರವಲೆ ಭಗವತಿ, ಜೊತೆಗೆ ನಾಲ್ಕು ಮಾರಿಯಮ್ಮ ದೇವಸ್ಥಾನಗಳು, ಒಟ್ಟು ಹತ್ತು ಮಂಟಪ. ಟ್ರ್ಯಾಕ್ಟರ್ ಮೇಲೆ ಪುರಾಣದ ಒಂದೊಂದು ಕಥೆ, ಮೂರ್ತಿಗಳು ಎದ್ದು ಕೂತು ಹಾರಾಡಿ ಯುದ್ಧ ಮಾಡುತ್ತವೆ, ಹೊಗೆ, ಲೈಟು, ಎದೆ ನಡುಗೋ ಸೌಂಡು. ತಿಂಗಳುಗಟ್ಲೆ ಹುಡುಗ್ರು ನಿದ್ದೆ ಬಿಟ್ಟು ಕಟ್ಟಿರ್ತಾರೆ, ತೀರ್ಪುಗಾರರ ಮುಂದೆ ಪ್ರದರ್ಶನ ಕೊಡುವಾಗ ಅವ್ರ ಮುಖ ನೋಡ್ಬೇಕು. ಮಧ್ಯರಾತ್ರಿ ಮೇಲೆ ರಂಗೇರೋದು, ಮುಗಿಯುವಾಗ ಬೆಳಕು ಹರಿದಿರುತ್ತೆ. ಇದಕ್ಕೆ ಟಿಕೆಟ್ ಇಲ್ಲ, ಸ್ಟೇಜ್ ಇಲ್ಲ, ರಸ್ತೆಯೇ ಸ್ಟೇಜ್. ನನ್ನ ಕೇಳಿದ್ರೆ ಕರ್ನಾಟಕದಲ್ಲಿ ಒಮ್ಮೆಯಾದ್ರೂ ನೋಡ್ಲೇಬೇಕಾದ ರಾತ್ರಿ ಇದು.

ಆದ್ರೆ ಎಲ್ರಿಗೂ ಅಲ್ಲ. ನೂಕುನುಗ್ಗಲು ಭಯಂಕರ, ಪೇಟೆ ಮಧ್ಯದ ಚೌಕಿ ಹತ್ರ ಸಿಕ್ಕಾಕ್ಕೊಂಡ್ರೆ ಅತ್ಲಾಗೂ ಹೋಗೋಕಾಗಲ್ಲ ಇತ್ಲಾಗೂ ಬರೋಕಾಗಲ್ಲ, ಗಾಡಿಗಳನ್ನ ಪೇಟೆ ಹೊರಗೇ ತಡೀತಾರೆ, ಚಳಿ ಜೊತೆ ಮಳೆನೂ ಬರ್ಬೋದು, ರೂಮ್ ರೇಟ್ ಆಕಾಶಕ್ಕೆ. ಕೈಗೂಸು ಇರೋರು, ಹೃದಯದ ತೊಂದ್ರೆ ಇರೋರು, ಜೋರು ಸೌಂಡ್ ಆಗದೇ ಇರೋರು ಆ ರಾತ್ರಿ ಬರೋದು ಬೇಡ. ಅವ್ರಿಗೆ ಬೇರೆ ದಾರಿ ಉಂಟು: ಹಿಂದಿನ ದಿನಗಳಲ್ಲಿ ಬನ್ನಿ. ನವರಾತ್ರಿ ಶುರುವಿನಲ್ಲೇ ಪಂಪಿನಕೆರೆಯಿಂದ ನಾಲ್ಕು ಕರಗ ಹೊರಡುತ್ತೆ, ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಮ್ಮ, ಕೋಟೆ ಮಾರಿಯಮ್ಮ. ಹಿಂದೆ ರಾಜರ ಕಾಲದಲ್ಲಿ ಊರಿಗೆ ರೋಗ ಬಂದಾಗ ಶುರುವಾದದ್ದು ಅಂತ ಹಿರಿಯರು ಹೇಳ್ತಾರೆ. ದಿನಾ ಕರಗ ಬೀದಿ ಬೀದಿ ಸುತ್ತಿ ಮನೆ ಬಾಗಿಲಿಗೆ ಬರುತ್ತೆ, ಪೂಜೆ ತಗೊಂಡು ಮುಂದೆ ಹೋಗುತ್ತೆ, ಜನಜಂಗುಳಿ ಇಲ್ಲ, ಹತ್ರ ನಿಂತು ನೋಡ್ಬೋದು. ಸಂಜೆ ಆದ್ರೆ ಗಾಂಧಿ ಮೈದಾನದಲ್ಲಿ ಸಾಂಸ್ಕೃತಿಕ ಕಾರ್ಯಕ್ರಮ, ಮಕ್ಕಳ ದಸರಾ, ಮಹಿಳಾ ದಸರಾ, ಜಾನಪದ ದಸರಾ ಅಂತ ಒಂದೊಂದು ದಿನ, ಕೂರೋಕೆ ಕುರ್ಚಿ ಇರುತ್ತೆ, ರೂಮ್ ರೇಟೂ ಕೊನೇ ರಾತ್ರಿಯಷ್ಟು ಇರಲ್ಲ. ಬಜೆಟ್ ಕಮ್ಮಿ, ಮನೆ ಮಂದಿ ಎಲ್ಲ ಬರ್ತಾರೆ ಅಂದ್ರೆ ನಾನು ಈ ದಿನಗಳನ್ನೇ ಹೇಳೋದು.

ಗೋಣಿಕೊಪ್ಪದಲ್ಲೂ ಕಾವೇರಿ ದಸರಾ ಅಂತ ಅದ್ದೂರಿಯಾಗಿ ಆಗುತ್ತೆ, ಅಲ್ಲೂ ದಶಮಂಟಪ, ಅಲ್ಲೂ ವಿಜಯದಶಮಿ ರಾತ್ರಿನೇ, ಆದ್ರಿಂದ ಎರಡೂ ನೋಡ್ತೀನಿ ಅನ್ನೋದು ಆಗದ ಮಾತು. ದಕ್ಷಿಣ ಕೊಡಗಲ್ಲಿ ಉಳ್ಕೊಂಡಿದ್ರೆ ಗೋಣಿಕೊಪ್ಪನೇ ನೋಡಿ, ಅದನ್ನ ಬಿಟ್ಟು ರಾತ್ರಿ ಘಾಟ್ ರಸ್ತೆಯಲ್ಲಿ ಮಡಿಕೇರಿಗೆ ಬರೋ ಅವಶ್ಯಕತೆ ಇಲ್ಲ. ದಸರಾಕ್ಕೆ ರಜೆ ಸಿಗಲ್ಲ ಅನ್ನೋರು ವಿರಾಜಪೇಟೆ ಗಣೇಶೋತ್ಸವದ ವಿಸರ್ಜನೆ ರಾತ್ರಿ ನೋಡ್ಬೋದು, ಅಲ್ಲೂ ಮಂಟಪಗಳ ಮೆರವಣಿಗೆ ರಾತ್ರಿ ಪೂರ್ತಿ ಇರುತ್ತೆ, ಮಳೆಗೆ ಕೊಡೆ ಮಾತ್ರ ಮರೀಬೇಡಿ.

ಕೊಡವ ಕುಣಿತ ಎಲ್ಲಿ ನೋಡೋದು

ಇದು ಹೊರಗಿನವ್ರು ತುಂಬ ಕೇಳೋ ಪ್ರಶ್ನೆ, ಉತ್ತರ ಎರಡು ಥರ. ದುಡ್ಡು ಕೊಟ್ಟು ಸುಲಭವಾಗಿ ನೋಡೋದಾದ್ರೆ ದೊಡ್ಡ ರೆಸಾರ್ಟ್‌ಗಳಲ್ಲಿ, ಕೆಲವು ಹೋಮ್‌ಸ್ಟೇಗಳಲ್ಲಿ ಸಂಜೆ ಕ್ಯಾಂಪ್‌ಫೈರ್ ಜೊತೆ ತಂಡ ಕರೆಸ್ತಾರೆ. ಹೆಂಗಸರು ತಾಳ ಹಿಡಿದು ವೃತ್ತದಲ್ಲಿ ಹಾಡಿಕೊಂಡು ಮಾಡೋ ಉಮ್ಮತ್ತಾಟ್, ಗಂಡಸರು ದೀಪದ ಸುತ್ತ ಚವರಿ ಹಿಡಿದು ಮಾಡೋ ಬೊಳಕಾಟ್, ದುಡಿ ಬಡಿದು ಹಾಡೋ ದುಡಿ ಕೊಟ್ಟ್ ಪಾಟ್. ವಯಸ್ಸಾದವ್ರು ಕುರ್ಚಿ ಮೇಲೆ ಶಾಲು ಹೊದ್ಕೊಂಡು ನೋಡ್ಬೋದು, ಕಲಾವಿದರಿಗೂ ಸಂಭಾವನೆ ಸಿಗುತ್ತೆ, ಇದನ್ನ ಕಡೆಗಣಿಸೋದು ಸರಿ ಅಲ್ಲ. ರೂಮ್ ಬುಕ್ ಮಾಡುವಾಗಲೇ ಯಾವ ತಂಡ ಬರುತ್ತೆ, ಹಾಡು ಬಾಯಲ್ಲಿ ಹಾಡ್ತಾರಾ ಇಲ್ಲಾ ರೆಕಾರ್ಡ್ ಹಾಕ್ತಾರಾ ಅಂತ ಕೇಳಿ. ಉಮ್ಮತ್ತಾಟ್ ಉಳಿಸಿ ಬೆಳೆಸಿದ ರಾಣಿ ಮಾಚಯ್ಯ ಅವ್ರಿಗೆ 2023ರಲ್ಲಿ ಪದ್ಮಶ್ರೀ ಬಂತು, ಅಷ್ಟು ತೂಕದ ಕಲೆ ಇದು, ಊಟದ ಮಧ್ಯೆ ಹತ್ತು ನಿಮಿಷ ತೋರಿಸೋದಕ್ಕೆ ದುಡ್ಡು ಕೊಡೋದು ಬೇಡ.

ಇನ್ನೊಂದು ಪುತ್ತರಿ, ಅಂದ್ರೆ ಹೊಸ ಭತ್ತದ ಕದಿರು ಮನೆಗೆ ತರೋ ಸುಗ್ಗಿ ಹಬ್ಬ. ನವೆಂಬರ್ ಕೊನೆ ಇಲ್ಲಾ ಡಿಸೆಂಬರ್‌ನಲ್ಲಿ ಬರುತ್ತೆ, ದಿನ ನಿಗದಿ ಆಗೋದು ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ. ಕದಿರು ತೆಗೆದ ಮಾರನೇ ದಿನದಿಂದ ನಾಡ್ ಮಂದ್‌ಗಳಲ್ಲಿ ಕೋಲಾಟ, ವಾಲಗದ ಪೆಟ್ಟಿಗೆ ಕುಪ್ಯ ಅನ್ನೋ ಉದ್ದ ಕೋಟು ಹಾಕಿದವ್ರು ವೃತ್ತದಲ್ಲಿ ಹೆಜ್ಜೆ ಹಾಕ್ತಾರೆ. ಕೆಲವು ಕಡೆ ಪರಿಯಕಳಿನೂ ಇರುತ್ತೆ, ಗುರಾಣಿ ಹಿಡಿದು ಬೆತ್ತದಲ್ಲಿ ಮೊಣಕಾಲಿನ ಕೆಳಗೆ ಮಾತ್ರ ಹೊಡಿಯೋ ಆಟ. ಮಡಿಕೇರಿ ಕೋಟೆ ಆವರಣದಲ್ಲೂ ಪುತ್ತರಿ ಕೋಲಾಟ ಆಗುತ್ತೆ, ಹಳ್ಳಿ ದಾರಿ ಗೊತ್ತಿಲ್ಲದವ್ರಿಗೆ ಅದೇ ಒಳ್ಳೇದು. ಮಳೆ ನಿಂತಿರುತ್ತೆ, ಗದ್ದೆ ಹಳದಿಯಾಗಿರುತ್ತೆ, ದಸರಾದಷ್ಟು ನೂಕುನುಗ್ಗಲು ಇಲ್ಲ. ವರ್ಷದಲ್ಲಿ ಒಂದೇ ಸಲ ಬರೋಕಾಗೋದು ಅನ್ನೋರಿಗೆ ನಾನು ದಸರಾಗಿಂತ ಪುತ್ತರಿನೇ ಮೊದ್ಲು ಹೇಳ್ತೀನಿ, ದಸರಾ ಕಣ್ಣು ತುಂಬಿಸುತ್ತೆ, ಆದ್ರೆ ಕೊಡಗಿನವ್ರು ತಮ್ಮ ನಾಡಿನ ಜೊತೆ ಹೆಂಗಿದ್ದಾರೆ ಅಂತ ಕಾಣೋದು ಪುತ್ತರಿಯಲ್ಲೇ. ಒಂದೇ ವಿನಂತಿ, ಮಂದ್ ಅಂದ್ರೆ ಪೂಜ್ಯ ಜಾಗ, ಚಪ್ಪಲಿ ಎಲ್ಲಿ ಬಿಡ್ಬೇಕು, ಫೋಟೋ ತೆಗೀಬೋದಾ ಅಂತ ಅಲ್ಲಿರೋ ಹಿರಿಯರನ್ನ ಕೇಳಿ, ವೃತ್ತದ ಒಳಗೆ ಮೊಬೈಲ್ ಹಿಡ್ಕೊಂಡು ನುಗ್ಗಬೇಡಿ.

ಬೇಸಿಗೆ ರಜೆಗೆ ಬರೋರಿಗೆ ಕೊಡವ ಕುಟುಂಬಗಳ ಹಾಕಿ ನಮ್ಮೆ, ಅಂದ್ರೆ ಹಾಕಿ ಹಬ್ಬ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಶುರು ಮಾಡಿದಾಗ 60 ಕುಟುಂಬ, 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕಪ್ ಆದಾಗ 360. ಒಂದೊಂದು ವರ್ಷ ಒಂದೊಂದು ಕುಟುಂಬ ನಡೆಸೋದು, ಜಾಗನೂ ಬದಲಾಗುತ್ತೆ. ಹಾಕಿ ಹೆಂಗೆ ಕಲೆ ಆಗುತ್ತೆ ಅಂತ ಕೇಳಬೇಡಿ, ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡೋದು ನೋಡಿದ್ರೆ ಗೊತ್ತಾಗುತ್ತೆ. ಏಪ್ರಿಲ್‌ನಲ್ಲಿ ಮೊದಮೊದಲ ದಿನ ಹೋದ್ರೆ ಆರಾಮಾಗಿ ಕೂತು ನೋಡ್ಬೋದು, ಫೈನಲ್ ದಿನ ಜನಸಾಗರ.

ಹಂಗಾದ್ರೆ ನೀವು ಏನ್ ಮಾಡ್ಬೇಕು

ಮಳೆಗಾಲ, ಒಂದೇ ದಿನ, ಮಕ್ಕಳು ಜೊತೆಗೆ: ಬೆಳಗ್ಗೆ ಸನ್ನಿಸೈಡ್, ಆಮೇಲೆ ಕೋಟೆ ಮ್ಯೂಸಿಯಂ, ಸಂಜೆ ಮಳೆ ಬಿಟ್ರೆ ಕಾರಂಜಿ. ಹಿರಿಯರಿದ್ರೆ ಬೈಲಕುಪ್ಪೆ ಒಂದು, ಓಂಕಾರೇಶ್ವರ ಒಂದು, ಅಷ್ಟೇ ಸಾಕು, ಹೆಚ್ಚು ತುರುಕಬೇಡಿ. ಕೈಯಲ್ಲಿ ಕಾಸು ಕಮ್ಮಿ ಇರೋ ಕಾಲೇಜು ಹುಡುಗ್ರು ವಿಜಯದಶಮಿ ರಾತ್ರಿ ಬಸ್ಸಲ್ಲಿ ಬಂದು, ರಾತ್ರಿಯಿಡೀ ಮಂಟಪ ನೋಡಿ, ಬೆಳಗ್ಗೆ ಬಸ್ ಹತ್ತಿ, ರೂಮೇ ಬೇಡ. ದುಡ್ಡಿಗೆ ತೊಂದ್ರೆ ಇಲ್ಲ, ನಿಶ್ಶಬ್ದ ಬೇಕು ಅನ್ನೋರು ಕಕ್ಕಬ್ಬೆ ಕಡೆ ಉಳ್ಕೊಂಡು ನಾಲ್ಕುನಾಡು ಅರಮನೆ ನೋಡಿ, ಪುತ್ತರಿ ಸಮಯಕ್ಕೆ ಹೊಂದಿಸಿಕೊಂಡ್ರೆ ಹತ್ರದ ಮಂದ್‌ಗೂ ಹೋಗ್ಬೋದು. ಯಾವ ಹಬ್ಬನೂ ಇಲ್ಲದ ವಾರ ಬರ್ತಾ ಇದ್ರೆ ಬಂದ ದಿನ ಬೆಳಗ್ಗೆ ಇಲ್ಲಿನ ದಿನಪತ್ರಿಕೆ ‘ಶಕ್ತಿ’ ಒಂದು ತಗೊಳ್ಳಿ, ಕಲಾಕ್ಷೇತ್ರದಲ್ಲೋ ಯಾವುದಾದ್ರೂ ಸಮಾಜದ ಹಾಲ್‌ನಲ್ಲೋ ಅವತ್ತು ಕಾರ್ಯಕ್ರಮ ಇದ್ರೆ ಅದರಲ್ಲಿ ಬಂದಿರುತ್ತೆ, ಪ್ರವೇಶಕ್ಕೆ ಹೆಚ್ಚಾಗಿ ದುಡ್ಡು ಇರಲ್ಲ.

ದಸರಾಕ್ಕೆ ಬರೋರು ಒಂದು ನೋಡ್ಕೊಳ್ಳಿ. ಅಕ್ಟೋಬರ್ 17ರ ಆಸುಪಾಸು ತಲಕಾವೇರಿಯಲ್ಲಿ ತೀರ್ಥೋದ್ಭವ, ದಸರಾ ಅದಕ್ಕೆ ಹತ್ರ ಬಂದ ವರ್ಷ ಮಡಿಕೇರಿ, ಭಾಗಮಂಡಲ ಎರಡೂ ಕಡೆ ರೂಮ್ ಸಿಗೋದು ಬಹಳ ಕಷ್ಟ. ಅಂಥ ವರ್ಷ ಕುಶಾಲನಗರದಲ್ಲಿ ರೂಮ್ ಮಾಡಿ, ಕತ್ತಲಾಗೋದ್ರೊಳಗೆ ಮಡಿಕೇರಿಗೆ ಬಂದು, ಗಾಡಿ ಪೇಟೆ ಹೊರಗೇ ನಿಲ್ಲಿಸಿ ನಡ್ಕೊಂಡು ಒಳಗೆ ಬನ್ನಿ.